ಪಿಜ್ಜಿಯ ಎರಡನೇ ಮದುವೆ ಎಲ್ಲಿ ಬರೆದಿರುತ್ತದೆ?

ಮಂಗಳೂರು, ಉಡುಪಿ ಕಡೆಯ ಹಳೇ ಮನೆತನಗಳಲ್ಲಿ ಇಂಥ ಒಬ್ಬರು ಇದ್ದೇ ಇರುತ್ತಾರೆ. ಅಜ್ಜನ ಅಮ್ಮ, ಅಂದರೆ ಪಿಜ್ಜಿ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡದ್ದು ಎಲ್ಲರಿಗೂ ಗೊತ್ತು. ಆಮೇಲೆ ಏನಾಯಿತು ಅಂತ ಕೇಳಿದರೆ, "ತವರಿಗೆ ಹೋದರಂತೆ" ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಅವರು ಇನ್ನೂ ನಲವತ್ತು ವರ್ಷ ಬದುಕಿರಬಹುದು. ಇನ್ನೊಂದು ಮದುವೆ ಆಗಿ, ಇನ್ನೂ ಮೂರು ಮಕ್ಕಳನ್ನು ಹೆತ್ತು, ಘಟ್ಟದ ಮೇಲೋ ಮುಂಬಯಿಯಲ್ಲೋ ಸಂಸಾರ ಮಾಡಿರಬಹುದು. ಮನೆಯವರು ಬರೆದ ವಂಶವೃಕ್ಷದಲ್ಲಿ ಮಾತ್ರ ಅವರ ಬದುಕು ಇಪ್ಪತ್ತೈದಕ್ಕೇ ನಿಂತಿರುತ್ತದೆ. ಇದು ನನಗೆ ಬಹಳ ಬೇಸರ ತರಿಸುವ ವಿಷಯ. ಆ ಉಳಿದ ವರ್ಷಗಳನ್ನು ಹುಡುಕಿ ತೆಗೆಯಲು ದಾರಿಗಳಿವೆ. ಆದರೆ ಆ ದಾರಿಗಳು ನಮ್ಮ ಊರಿನ ಕಟ್ಟುಕಟ್ಟಳೆ ತಿಳಿದರೆ ಮಾತ್ರ ಕಾಣುತ್ತವೆ.

ಹುಡುಕಲು ಹೊರಟವರು ಮೊದಲು ಕೇಳುವುದು ಮದುವೆಯ ಸರ್ಟಿಫಿಕೇಟ್. ಹಿಂದೂ ಮನೆತನಗಳಲ್ಲಿ ಅದು ಸಿಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ನೂರು ವರ್ಷದ ಹಿಂದೆ ಧಾರೆ ಎರೆದರೆ ಮದುವೆ ಆಯಿತು. ಅದನ್ನು ಸರಕಾರಕ್ಕೆ ತಿಳಿಸಬೇಕು ಅನ್ನುವ ನಿಯಮ ಇರಲಿಲ್ಲ. ಕರ್ನಾಟಕದಲ್ಲಿ ಮದುವೆ ನೋಂದಣಿಗೆ ಪ್ರತ್ಯೇಕ ಕಾಯ್ದೆ ಆದದ್ದೇ 1976ರಲ್ಲಿ. ಇನ್ನು ಎರಡನೇ ಮದುವೆ ಅಂದರೆ ಶಾಸ್ತ್ರಗಳೇ ಕಡಿಮೆ. ಬಂಟರಲ್ಲಿ ಮೊದಲ ಮದುವೆಗೆ ಕೈಧಾರೆ, ವಿಧವೆಯ ಮದುವೆಗೆ ಬುಡುಧಾರೆ ಎಂದು ಎರಡು ಬಗೆ ಇತ್ತು. ಎರಡಕ್ಕೂ ಹಿರಿಯರೇ ಸಾಕ್ಷಿ, ಕಾಗದ ಇಲ್ಲ.

ಹಾಗಾಗಿ ಮದುವೆಯನ್ನು ಹುಡುಕುತ್ತಾ ಕೂರಬೇಡಿ. ಮದುವೆ ಆದ ಮೇಲೆ ಏನೇನು ಬದಲಾಯಿತು, ಅದನ್ನು ಹುಡುಕಿ. ಇದ್ದ ಮನೆ ಬದಲಾಗುತ್ತದೆ. ಹೊಸ ಮಕ್ಕಳು ಹುಟ್ಟುತ್ತಾರೆ. ಆಸ್ತಿಯ ಹಕ್ಕು ಕೆಲವೊಮ್ಮೆ ಹೋಗುತ್ತದೆ, ಕೆಲವೊಮ್ಮೆ ಉಳಿಯುತ್ತದೆ. ಸತ್ತಾಗ ಸೂತಕ ಯಾರಿಗೆ, ಬೊಜ್ಜ (ಉತ್ತರಕ್ರಿಯೆ) ಯಾರು ಮಾಡಿದರು ಅನ್ನುವುದು ಬರುತ್ತದೆ. ಇವೆಲ್ಲಕ್ಕೂ ಎಲ್ಲೋ ಒಂದು ಕಡೆ ಗುರುತು ಉಳಿದಿರುತ್ತದೆ.

ಮೊದಲು ಕೇಳಬೇಕಾದದ್ದು: ಯಾವ ಕಟ್ಟು?

ತುಳುನಾಡಿನಲ್ಲಿ ಎರಡು ಕಟ್ಟು, ಅಂದರೆ ವಂಶ ಮತ್ತು ಆಸ್ತಿ ಇಳಿದು ಬರುವ ಎರಡು ಕ್ರಮ. ಬಂಟರು, ಬಿಲ್ಲವರು, ಮೊಗವೀರರು, ಇಲ್ಲಿನ ಜೈನರು ಮತ್ತು ಇನ್ನೂ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನ. ಬ್ರಾಹ್ಮಣರು, ಕೊಂಕಣಿಗರು, ವಿಶ್ವಕರ್ಮರು ಮೊದಲಾದವರಲ್ಲಿ ಮಕ್ಕಳಕಟ್ಟು, ಅಂದರೆ ತಂದೆಯಿಂದ ಮಕ್ಕಳಿಗೆ. ಎರಡನೇ ಮದುವೆಯ ಗುರುತು ಈ ಎರಡರಲ್ಲಿ ಪೂರ್ತಿ ಬೇರೆ ಬೇರೆ ಜಾಗದಲ್ಲಿ ಇರುತ್ತದೆ. ಇದನ್ನು ತಿಳಿಯದೆ ಹುಡುಕಿದರೆ ವರ್ಷಗಟ್ಟಲೆ ಸುಮ್ನೆ ಅಲೆದಾಟ.

ಅಳಿಯಸಂತಾನದಲ್ಲಿ ಮಗು ತಾಯಿಯ ಬರಿಗೆ, ಅಂದರೆ ತಾಯಿಯ ಕುಲಕ್ಕೆ ಸೇರುತ್ತದೆ. ಆಸ್ತಿ ತಾಯಿಯ ಕುಟುಂಬದ್ದು. ಯಜಮಾನಿಕೆ ಸೋದರಮಾವನದ್ದು, ಕೆಲವು ಮನೆಗಳಲ್ಲಿ ಹಿರಿಯ ಹೆಂಗಸಿನದ್ದು. ಹೆಂಗಸು ಮದುವೆಯಾಗಿ ಹೋದರೂ ಹುಟ್ಟಿದ ತರವಾಡು ಮನೆಯ ಸದಸ್ಯೆಯಾಗಿಯೇ ಉಳಿಯುತ್ತಾಳೆ. ಗಂಡ ಸತ್ತರೆ ಅಥವಾ ಅವನನ್ನು ಬಿಟ್ಟರೆ ತವರಿಗೆ ಬಂದು ಇನ್ನೊಬ್ಬನನ್ನು ಮದುವೆ ಆಗುವುದಕ್ಕೆ ಅಡ್ಡಿ ಇರಲಿಲ್ಲ. ಈ ಬಿಡುಗಡೆ ಎಷ್ಟು ಸುಲಭವಾಗಿತ್ತೆಂದರೆ, 19ನೇ ಶತಮಾನದಲ್ಲಿ ಮದ್ರಾಸ್ ಹೈಕೋರ್ಟು ಅಳಿಯಸಂತಾನದ ಮದುವೆಯನ್ನು ಕಾನೂನಿನ ಮದುವೆ ಎಂದು ಒಪ್ಪಲೇ ಇಲ್ಲ. ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ.

ಈಗ ಇದರ ಪರಿಣಾಮ ನೋಡಿ. ಒಬ್ಬ ತಾಯಿಗೆ ಇಬ್ಬರು ಗಂಡಂದಿರಿಂದ ಮಕ್ಕಳಾದರೆ, ಆ ಮಕ್ಕಳೆಲ್ಲರ ಬರಿ ಒಂದೇ. ಕುಟುಂಬ ಒಂದೇ. ಎಷ್ಟೋ ಸಲ ಹೆಸರಿನ ಕೊನೆಯ ಶೆಟ್ಟಿ, ರೈ, ಆಳ್ವ ಕೂಡ ಒಂದೇ. ಹೊರಗಿನಿಂದ ನೋಡಿದರೆ ಅವರು ಒಂದೇ ತಂದೆಯ ಮಕ್ಕಳ ಹಾಗೆ ಕಾಣುತ್ತಾರೆ. ಅಂದರೆ ಹೆಂಗಸಿನ ಎರಡನೇ ಮದುವೆ ಅಳಿಯಸಂತಾನದಲ್ಲಿ ಅಡಗಿ ಕೂರುತ್ತದೆ. ಯಾರೂ ಬೇಕೆಂದು ಅಡಗಿಸಿದ್ದಲ್ಲ. ಆ ವ್ಯವಸ್ಥೆಗೆ ತಂದೆ ಯಾರು ಅನ್ನುವುದು ಬರೆದಿಡುವಷ್ಟು ಮುಖ್ಯವೇ ಆಗಿರಲಿಲ್ಲ.

ಗಂಡಸಿನ ವಿಷಯ ಇದಕ್ಕೆ ತದ್ವಿರುದ್ಧ. ಅವನಿಗೆ ಇಬ್ಬರು ಹೆಂಡತಿಯರಿದ್ದರೆ ಎರಡು ಕಡೆಯ ಮಕ್ಕಳ ಬರಿ ಸಾಮಾನ್ಯವಾಗಿ ಬೇರೆ ಬೇರೆ ಆಗುತ್ತದೆ. ಹಾಗಾಗಿ "ಅವರೆಲ್ಲ ನಮ್ಮ ಪಿಜ್ಜನ ಮಕ್ಕಳು" ಎಂದು ಹೇಳುವವರ ಎರಡು ಕವಲಿನ ಬರಿ ಕೇಳಿ ನೋಡಿ. ಬರಿ ಎರಡಾದರೆ ತಾಯಂದಿರೂ ಇಬ್ಬರು. ಇಷ್ಟು ಸುಲಭದ, ಇಷ್ಟು ಗಟ್ಟಿಯಾದ ಪರೀಕ್ಷೆ ಬೇರೆ ಊರಿನವರಿಗೆ ಇಲ್ಲ. ನಾಗನಿಗೆ ತನು (ಹಾಲು, ಎಳನೀರು) ಹಾಕುವ ಮೂಲಬನ, ಅಂದರೆ ಕುಟುಂಬದ ಮೂಲ ನಾಗಬನ ಯಾವುದು, ಕುಟುಂಬದ ದೈವ ಯಾವುದು ಎಂದು ಕೇಳಿದರೂ ಇದೇ ಉತ್ತರ ಸಿಗುತ್ತದೆ. ಬರಿಯ ಹೆಸರು ಮರೆತವರೂ ಮೂಲಬನವನ್ನು ಮರೆತಿರುವುದಿಲ್ಲ.

ಮಕ್ಕಳಕಟ್ಟಿನಲ್ಲಿ ಇದು ತಲೆಕೆಳಗು. ಇಬ್ಬರು ತಾಯಂದಿರ ಮಕ್ಕಳಿಗೂ ಗೋತ್ರ ಒಂದೇ, ಮನೆತನದ ಹೆಸರು ಒಂದೇ. ಗಂಡಸಿನ ಎರಡನೇ ಮದುವೆ ಇಲ್ಲಿ ಅಡಗುತ್ತದೆ. ಜೊತೆಗೆ, ಸತ್ತ ಹೆಂಡತಿಯ ತಂಗಿಯನ್ನೇ ತರುವುದು ರೂಢಿಯಲ್ಲಿತ್ತು. ಆಗ ಮೊದಲ ಮಕ್ಕಳಿಗೆ ಆಕೆ ಮೊದಲಿನಿಂದಲೂ ಚಿಕ್ಕಮ್ಮ, ಆಮೇಲೂ ಚಿಕ್ಕಮ್ಮ. ಕೊಂಕಣಿಗರಲ್ಲಿ ಮದುವೆಯ ಹೊತ್ತಿಗೆ ಹುಡುಗಿಯ ಹೆಸರನ್ನೇ ಬದಲಿಸುವ ಪದ್ಧತಿ ಬೇರೆ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು. ಒಬ್ಬರನ್ನು ಇಬ್ಬರೆಂದೋ ಇಬ್ಬರನ್ನು ಒಬ್ಬರೆಂದೋ ಎಣಿಸುವುದು ಇಲ್ಲಿ ಸುಲಭ.

ಇಂಥ ಮನೆಗಳಲ್ಲಿ ನಾನು ಮೊದಲು ನೋಡಲು ಹೇಳುವುದು ತರ್ಪಣದ ಪಟ್ಟಿ. ಮಹಾಲಯದಲ್ಲಿ ತಿಲತರ್ಪಣ ಕೊಡುವಾಗ ತಂದೆ, ಅಜ್ಜ, ಮುತ್ತಜ್ಜ, ತಾಯಿ, ಅಜ್ಜಿ, ಮುತ್ತಜ್ಜಿ ಎಂದು ಹೆಸರು ಹಿಡಿದು ಹೇಳುತ್ತಾರೆ. ಅದರಲ್ಲಿ ಸಾಪತ್ನ ಮಾತೆಗೂ, ಅಂದರೆ ಮಲತಾಯಿಗೂ ಸ್ಥಾನ ಇದೆ. ಅಜ್ಜ ತನ್ನ ಕೈಯಲ್ಲೇ ಬರೆದಿಟ್ಟ ತರ್ಪಣದ ಪುಸ್ತಕವೋ ಹಾಳೆಯೋ ದೇವರ ಕೋಣೆಯಲ್ಲಿ ಸಿಕ್ಕರೆ, ಮನೆಯಲ್ಲಿ ಯಾರೂ ಬಾಯಿ ಬಿಡದ ಮೊದಲ ಹೆಂಡತಿಯ ಹೆಸರು ಅಲ್ಲಿರಬಹುದು. ಮನೆಯ ಪುರೋಹಿತರ ಹತ್ತಿರವೂ ಒಂದು ಪ್ರತಿ ಇರುವುದುಂಟು.

ಮಕ್ಕಳಕಟ್ಟಿನ ವಿಧವೆಯರ ಕಥೆ ಇನ್ನೊಂದು. ಬ್ರಾಹ್ಮಣರಲ್ಲಿ ಮರುಮದುವೆಗೆ 1856ರಲ್ಲೇ ಕಾನೂನು ದಾರಿ ಮಾಡಿಕೊಟ್ಟಿತ್ತು. ಆಚರಣೆಯಲ್ಲಿ ಅದು ಬಹಳ ಅಪರೂಪ. ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಮಡಿ ಹೆಂಗಸಾಗಿ ಉಳಿದವರೇ ಹೆಚ್ಚು. ಅವರ ಮುಂದಿನ ಬದುಕು ಸಿಗುವುದು ಜೀವನಾಂಶದ ಪತ್ರಗಳಲ್ಲಿ: ವರ್ಷಕ್ಕೆ ಇಷ್ಟು ಮುಡಿ ಅಕ್ಕಿ, ಇಷ್ಟು ರೂಪಾಯಿ, ಇರಲು ಒಂದು ಕೋಣೆ. 1937ರ ಕಾಯ್ದೆ ಬಂದ ಮೇಲೆ ಗಂಡನ ಪಾಲಿನ ಮೇಲೆ ಬದುಕಿರುವಷ್ಟು ಕಾಲ ಹಕ್ಕು ಸಿಕ್ಕಿತು. ಆಗಿನಿಂದ ಅವರ ಹೆಸರು ಆಸ್ತಿ ಕಾಗದಗಳಲ್ಲಿ ಜಾಸ್ತಿ ಕಾಣುತ್ತದೆ. 1856ರ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು: ಮರುಮದುವೆ ಆದ ವಿಧವೆ ಮೊದಲ ಗಂಡನ ಆಸ್ತಿಯ ಹಕ್ಕು ಕಳೆದುಕೊಳ್ಳುತ್ತಾಳೆ, ಅವಳು ಸತ್ತಳೋ ಎಂಬಂತೆ. ಕ್ರೂರವಾದ ಮಾತು. ಆದರೆ ಹುಡುಕುವವರಿಗೆ ಇದೊಂದು ಸುಳಿವು. ಗಂಡನ ಮನೆಯ ಕಾಗದದಲ್ಲಿ ಒಬ್ಬ ಹೆಂಗಸಿನ ಹೆಸರು ಇದ್ದಕ್ಕಿದ್ದಂತೆ ಬಿದ್ದುಹೋದರೆ, ಆಕೆ ತೀರಿಕೊಂಡರು ಎಂದೇ ಬರೆದುಕೊಳ್ಳಬೇಡಿ. ಮರುಮದುವೆಯೂ ಕಾರಣ ಆಗಿರಬಹುದು.

ವಿಭಾಗಪತ್ರ ಓದುವುದು ಹೇಗೆ

ಅಳಿಯಸಂತಾನದ ಮನೆತನಗಳಿಗೆ ಅತಿ ದೊಡ್ಡ ನಿಧಿ ವಿಭಾಗಪತ್ರ. ಹಿಂದೆ ಕುಟುಂಬದ ಆಸ್ತಿಯನ್ನು ಎಲ್ಲರೂ ಒಪ್ಪದೆ ಪಾಲು ಮಾಡುವ ಹಾಗಿರಲಿಲ್ಲ. 1949ರ ಕಾಯ್ದೆ ಪಾಲು ಕೇಳುವ ಹಕ್ಕು ಕೊಟ್ಟಿತು. ಅಲ್ಲಿಂದ ಮುಂದೆ ದೊಡ್ಡ ದೊಡ್ಡ ಕುಟುಂಬಗಳು ಕವರು ಕವರಾಗಿ ಒಡೆದವು. ಕವರು ಅಂದರೆ ಒಬ್ಬ ಹೆಂಗಸಿನಿಂದ ಇಳಿದು ಬಂದ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು. ಪಾಲು ಮಾಡಬೇಕಾದರೆ ಕವರಿನಲ್ಲಿ ಯಾರ‍್ಯಾರು ಇದ್ದಾರೆಂದು ಬರೆಯಲೇಬೇಕು. ಹಾಗಾಗಿ ಈ ಪತ್ರಗಳಲ್ಲಿ ಎದೆಹಾಲು ಕುಡಿಯುವ ಕೂಸಿನಿಂದ ಹಿಡಿದು ಮುದುಕಿಯವರೆಗೆ ಎಲ್ಲರ ಹೆಸರು, ವಯಸ್ಸು, ಯಾರ ಮಗ, ಯಾರ ಮಗಳು ಎಲ್ಲ ಸಿಗುತ್ತದೆ.

ಒಂದು ಉದಾಹರಣೆ ಊಹಿಸಿಕೊಳ್ಳಿ. 1952ರ ಒಂದು ವಿಭಾಗಪತ್ರ. ನಿಮ್ಮ ಪಿಜ್ಜಿಯ ಕವರಿನಲ್ಲಿ ನಾಲ್ಕು ಮಕ್ಕಳು: ಮಗ 40, ಮಗಳು 37, ಮಗಳು 26, ಮಗ 23. ನಿಮಗೆ ಗೊತ್ತಿದ್ದದ್ದು ಮೊದಲ ಇಬ್ಬರು ಮಾತ್ರ. ವಯಸ್ಸನ್ನು ಹುಟ್ಟಿದ ವರ್ಷಕ್ಕೆ ತಿರುಗಿಸಿ. 1912, 1915, 1926, 1929. ನಡುವೆ ಹನ್ನೊಂದು ವರ್ಷದ ಅಂತರ. ಆ ಅಂತರದಲ್ಲೇ ಮೊದಲ ಗಂಡನ ಸಾವು ಮತ್ತು ಎರಡನೇ ಮದುವೆ ಇರುವ ಸಾಧ್ಯತೆ ಹೆಚ್ಚು. 1918ರ ಇನ್‌ಫ್ಲುಯೆಂಜಾ ಇದೇ ಅವಧಿಯಲ್ಲಿ ಬರುತ್ತದೆ, ಅದೂ ಮನಸ್ಸಿನಲ್ಲಿರಲಿ. ಆದರೆ ಅಂತರ ಒಂದೇ ಸಾಕ್ಷಿಯಾಗದು. ನಡುವೆ ಹುಟ್ಟಿದ ಮಕ್ಕಳು ಸತ್ತಿರಬಹುದು, ಗಂಡ ಮುಂಬಯಿಯಲ್ಲಿ ದುಡಿಯುತ್ತಾ ವರ್ಷಗಟ್ಟಲೆ ಊರಿಗೆ ಬಾರದೆ ಇದ್ದಿರಬಹುದು. ಜೊತೆಗೆ ಪತ್ರದಲ್ಲಿನ ವಯಸ್ಸು ಅಂದಾಜಿನದ್ದು. ಎರಡು ಮೂರು ವರ್ಷ ಆಚೀಚೆ ಇದ್ದೇ ಇರುತ್ತದೆ.

ಪತ್ರದಲ್ಲಿ ಈ ನಾಲ್ವರನ್ನೂ "ಇಂಥವರ ಮಗ", "ಇಂಥವರ ಮಗಳು" ಎಂದು ತಾಯಿಯ ಹೆಸರಿನಿಂದಲೇ ಗುರುತಿಸಿರುತ್ತಾರೆ. ತಂದೆಯ ಹೆಸರು ಇರುವುದಿಲ್ಲ. 1908ರ ನೋಂದಣಿ ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ. ಪತ್ರ ಬರೆಸುವವನ ಗುರುತಿಗೆ ತಂದೆಯ ಹೆಸರು ಬೇಕು, ಆದರೆ ರೂಢಿಯಲ್ಲಿ ತಾಯಿಯ ಮಗನೆಂದು ಕರೆಯಿಸಿಕೊಳ್ಳುವವನಾದರೆ ತಾಯಿಯ ಹೆಸರು ಸಾಕು ಎಂದು ಅದರ ಆರಂಭದಲ್ಲೇ ಇದೆ.

ಹಾಗಾದರೆ ಕೊನೆಯ ಇಬ್ಬರ ತಂದೆ ಯಾರು? ಇಲ್ಲಿ ಶಾಲೆ ಸಹಾಯಕ್ಕೆ ಬರುತ್ತದೆ. 1929ರಲ್ಲಿ ಹುಟ್ಟಿದ ಹುಡುಗ 1935ರ ಆಸುಪಾಸಿನಲ್ಲಿ ಶಾಲೆಗೆ ಸೇರಿರುತ್ತಾನೆ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಅಥವಾ ಪೋಷಕರ ಹೆಸರು, ಊರು, ಕಸುಬು ಬರೆಯುತ್ತಿದ್ದರು. ಎಷ್ಟೋ ಹಳೇ ಹಿರಿಯ ಪ್ರಾಥಮಿಕ ಶಾಲೆಗಳ ಬೀರುವಿನಲ್ಲಿ ಈ ಪುಸ್ತಕಗಳು ಇನ್ನೂ ಇವೆ. ಪೋಷಕನ ಜಾಗದಲ್ಲಿ ಸೋದರಮಾವನ ಹೆಸರಿದ್ದರೆ ಹುಡುಗ ಅಜ್ಜಿಮನೆಯಲ್ಲಿ ಬೆಳೆದ ಎಂದರ್ಥ. ಗೊತ್ತಿಲ್ಲದ ಗಂಡಸಿನ ಹೆಸರಿದ್ದರೆ ಆ ಹೆಸರಿನ ಹಿಂದೆ ಹೋಗಬೇಕು. ಅದೇ ಮನೆಯ ದೊಡ್ಡ ಮಗನ ದಾಖಲಾತಿಯನ್ನೂ ಸಾಧ್ಯವಾದರೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡು ಸಂಸಾರ ಬೇರೆಯಾಗಿ ಕಾಣಬಹುದು.

ವಿಭಾಗಪತ್ರ ಮನೆಯಲ್ಲಿ ಇಲ್ಲದಿದ್ದರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ. ಸ್ಥಿರಾಸ್ತಿಯ ಪತ್ರಗಳು ಒಂದನೇ ಪುಸ್ತಕದಲ್ಲಿ ಇರುತ್ತವೆ. ಫೀಸು ಕಟ್ಟಿದರೆ ಅದನ್ನು ಯಾರು ಬೇಕಾದರೂ ನೋಡಬಹುದು, ನಕಲು ತೆಗೆಯಬಹುದು. ಒಂದನೇ ಸೂಚಿ ಜನರ ಹೆಸರಿನದ್ದು, ಎರಡನೇ ಸೂಚಿ ಆಸ್ತಿಯದ್ದು. ಹೆಚ್ಚಿನವರು ಸರ್ವೆ ನಂಬರು ಹಿಡಿದು ಎರಡನೇ ಸೂಚಿ ಮಾತ್ರ ನೋಡುತ್ತಾರೆ. ಮರುಮದುವೆಯಾಗಿ ಊರು ಬಿಟ್ಟವರನ್ನು ಹುಡುಕುವಾಗ ಹೆಸರಿನ ಸೂಚಿಯೇ ಮುಖ್ಯ, ಯಾಕೆಂದರೆ ಆಕೆ ಹೋದ ಊರಿನ ಸರ್ವೆ ನಂಬರು ನಮಗೆ ಗೊತ್ತಿರುವುದಿಲ್ಲ ಅಲ್ವಾ. ಉಯಿಲುಗಳು ಮೂರನೇ ಪುಸ್ತಕದಲ್ಲಿ. ಬರೆದವರು ಬದುಕಿರುವಾಗ ಅದರ ನಕಲು ಬೇರೆಯವರಿಗೆ ಕೊಡುವುದಿಲ್ಲ. ತೀರಿಕೊಂಡ ಮೇಲೆ ಯಾರು ಕೇಳಿದರೂ ಕೊಡಬೇಕು. ಎರಡು ಸಂಸಾರ ಇದ್ದ ಗಂಡಸು ಉಯಿಲು ಬರೆದಿದ್ದರೆ, "ನನ್ನ ಮೊದಲ ಹೆಂಡತಿಯ ಮಕ್ಕಳು" ಎನ್ನುವ ಸಾಲು ಅದರಲ್ಲಿ ಬರುವುದು ಸಹಜ.

ಹೆಸರು ಹುಡುಕುವಾಗ ತಾಳ್ಮೆ ಬೇಕು. ಹಳೇ ಪತ್ರಗಳಲ್ಲಿ ಹೆಂಗಸರ ಹೆಸರಿನ ಮುಂದೆ "ಹೆಂಗ್ಸು" ಎಂದು ಸೇರಿಸುವ ವಾಡಿಕೆ ಇತ್ತು. ಅದೇ ಹೆಂಗಸು ಇನ್ನೊಂದು ಪತ್ರದಲ್ಲಿ ಶೆಡ್ತಿ ಅಥವಾ ಪೂಜಾರ್ತಿ ಆಗಿರುತ್ತಾರೆ. ಅಕ್ಕು ಎಂದು ಕರೆಸಿಕೊಂಡವರು ಅಕ್ಕಮ್ಮ ಆಗಿರುತ್ತಾರೆ. ಹೆಸರಿಗಿಂತ ಜೊತೆಯ ತಾಯಿಯ ಹೆಸರು ಮತ್ತು ಮನೆಯ ಹೆಸರನ್ನು ಹೊಂದಿಸಿ ನೋಡುವುದು ಕ್ಷೇಮ. ತಾರೀಕಿನ ಬದಲು ಸಂವತ್ಸರ ಇದ್ದರೆ ಅರುವತ್ತು ವರ್ಷದ ಚಕ್ರ ನೆನಪಿರಲಿ. ಪ್ರಭವ ಅಂದರೆ 1867, 1927 ಅಥವಾ 1987ರಲ್ಲಿ ಶುರುವಾದ ವರ್ಷ. ಕಾಗದ, ಛಾಪಾ, ಕೈಬರಹ ನೋಡಿದರೆ ಯಾವುದೆಂದು ತಿಳಿಯುತ್ತದೆ.

ಜಾಗ ಇಲ್ಲದ ಒಕ್ಕಲು ಮನೆತನಗಳಿಗೆ ಇದೆಲ್ಲ ಇಲ್ಲವೆಂದು ಬೇಸರ ಬೇಡ. ಅವರಿಗೆ ಡಿಕ್ಲರೇಶನ್ ಕಡತ ಇದೆ. 1974ರ ಭೂಸುಧಾರಣೆಯ ನಂತರ ಚಾಲಗೇಣಿ (ಖಾಯಂ ಅಲ್ಲದ ಗೇಣಿ) ಒಕ್ಕಲುಗಳು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿಯ ಮುಂದೆ ಈ ಗದ್ದೆಯನ್ನು ಯಾರು, ಎಂದಿನಿಂದ, ಯಾರ ನಂತರ ಬೇಸಾಯ ಮಾಡಿದರೆಂದು ಹೇಳಿಕೆ ಕೊಟ್ಟರು. ಎರಡು ಸಂಸಾರದ ಮಕ್ಕಳು ಒಂದೇ ಗದ್ದೆಗೆ ಬೇರೆ ಬೇರೆ ಅರ್ಜಿ ಹಾಕಿದ್ದರೆ ಕಡತದಲ್ಲಿ ಇಡೀ ಕುಟುಂಬದ ಕಥೆಯೇ ಇರುತ್ತದೆ. ತಾಲೂಕು ಕಚೇರಿಯಲ್ಲಿ ಕೇಳಬೇಕು. ಕೋರ್ಟು ವ್ಯಾಜ್ಯ ಆಗಿದ್ದರಂತೂ ಇನ್ನೂ ಒಳ್ಳೆಯದು. ಅಳಿಯಸಂತಾನದ ಎಷ್ಟೋ ವ್ಯಾಜ್ಯಗಳು ಮದ್ರಾಸ್ ಹೈಕೋರ್ಟಿನವರೆಗೆ ಹೋದವು. ತೀರ್ಪಿನ ಮೊದಲಲ್ಲೇ ವಂಶಾವಳಿ ಕೊಟ್ಟಿರುತ್ತಾರೆ. ಇಂಡಿಯನ್ ಕಾನೂನ್ ಜಾಲತಾಣದಲ್ಲಿ ಊರಿನ ಹೆಸರೋ ಮನೆಯ ಹೆಸರೋ ಹಾಕಿ ಹುಡುಕಿ ನೋಡಿ. ಇಂಗ್ಲಿಷ್ ಸ್ಪೆಲ್ಲಿಂಗ್ ನಾಲ್ಕು ಬಗೆಯಲ್ಲಿ ಬದಲಿಸಿ ನೋಡಬೇಕು, ಅಷ್ಟೇ.

ಈಗ ನಾಡಕಚೇರಿ ಕೊಡುವ ವಂಶವೃಕ್ಷದ ದೃಢೀಕರಣ ಪತ್ರವನ್ನು ಮಾತ್ರ ಪೂರ್ತಿ ನಂಬಬೇಡಿ. ಅದು ಮನೆಯವರು ಕೊಟ್ಟ ಹೇಳಿಕೆಯ ಮೇಲೆ ತಯಾರಾಗುವುದು. ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಲು ಬೇಕಾದಷ್ಟನ್ನು ಮಾತ್ರ ಬರೆಸುತ್ತಾರೆ. ಆಸ್ತಿಯಲ್ಲಿ ಪಾಲಿಲ್ಲದ ಕವಲು ಅದರಲ್ಲಿ ಬರದೇ ಹೋಗಬಹುದು.

ಚರ್ಚಿನ ಪುಸ್ತಕ ಇದ್ದವರ ಭಾಗ್ಯ

ಕ್ಯಾಥೊಲಿಕ್ ಮನೆತನದವರಿಗೆ ಈ ಹುಡುಕಾಟ ಎಷ್ಟೋ ಸಲೀಸು. ಪ್ರತಿ ಇಗರ್ಜಿಯಲ್ಲೂ (ಚರ್ಚಿನಲ್ಲೂ) ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕ ಇರುತ್ತದೆ. ಮದುವೆಯ ಪುಸ್ತಕದಲ್ಲಿ ಗಂಡು ವಿಧುರನೇ, ಹೆಣ್ಣು ವಿಧವೆಯೇ ಎಂದು ಬರೆಯುವುದು ಕ್ರಮ. ಬರಹ ಲ್ಯಾಟಿನ್‌ನಲ್ಲಿದ್ದರೆ ವಿದುವುಸ್, ವಿದುವಾ ಎಂದಿರುತ್ತದೆ. ಪೋರ್ಚುಗೀಸ್ ಇದ್ದರೆ ವಿಯೂವು, ವಿಯೂವಾ. ಆ ಒಂದು ಪದವೇ ಎರಡನೇ ಮದುವೆಯ ಸಾಕ್ಷಿ.

ಇದಕ್ಕಿಂತ ಉಪಯುಕ್ತವಾದದ್ದು ಜ್ಞಾನಸ್ನಾನದ ಪುಸ್ತಕದ ಅಂಚು. ರೋಮಿನಿಂದ 1907ರಲ್ಲಿ ಬಂದು 1908ರಿಂದ ಜಾರಿಯಾದ ಒಂದು ಆಜ್ಞೆಯ ಪ್ರಕಾರ, ಯಾರಾದರೂ ಮದುವೆಯಾದರೆ ಅವರ ಜ್ಞಾನಸ್ನಾನ ಆದ ಇಗರ್ಜಿಗೆ ಸುದ್ದಿ ಕಳಿಸಬೇಕು. ಅಲ್ಲಿನ ಪಾದ್ರಿಗಳು ಹಳೇ ದಾಖಲೆಯ ಪಕ್ಕದಲ್ಲಿ ಅದನ್ನು ಬರೆಯಬೇಕು. ಎರಡನೇ ಮದುವೆಗೂ ಹೀಗೆಯೇ. ಅಂದರೆ ಆಕೆ ಎಲ್ಲಿಗೆ ಹೋಗಿ ಮದುವೆ ಆದರೂ, ಮುಂಬಯಿಯಲ್ಲಿ ಆಗಲಿ ಚಿಕ್ಕಮಗಳೂರಿನ ಕಾಫಿ ತೋಟದ ಊರಿನಲ್ಲಿ ಆಗಲಿ, ಅದರ ಗುರುತು ಹುಟ್ಟೂರಿನ ಪುಸ್ತಕಕ್ಕೆ ವಾಪಸು ಬರಬೇಕು. ಸತ್ತ ಹೆಂಡತಿಯ ತಂಗಿಯನ್ನು ಮದುವೆ ಆಗಬೇಕಾದರೆ ಚರ್ಚಿನ ವಿಶೇಷ ಅನುಮತಿ ಬೇಕಿತ್ತು. ಆ ಅನುಮತಿಯ ಉಲ್ಲೇಖ ಮದುವೆಯ ಪುಸ್ತಕದಲ್ಲಿರುತ್ತದೆ. ಒಂದು ಎಚ್ಚರಿಕೆ: ಎಷ್ಟೋ ಇಗರ್ಜಿಗಳು ದೊಡ್ಡದೊಂದು ಇಗರ್ಜಿಯಿಂದ ಒಡೆದು ಆದವು. ಹಳೇ ಪುಸ್ತಕ ತಾಯಿ ಇಗರ್ಜಿಯಲ್ಲೇ ಉಳಿದಿರುತ್ತದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕಾಲದ ಸೆರೆಯ ಹೊತ್ತಿಗೆ ಇಲ್ಲಿನ ಬಹುಪಾಲು ಚರ್ಚುಗಳು ನೆಲಸಮವಾದವು. ಅದಕ್ಕಿಂತ ಹಿಂದಿನ ಪುಸ್ತಕದ ಆಸೆ ಇಟ್ಟುಕೊಳ್ಳುವುದು ಕಷ್ಟ.

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಸಭೆಗಳಿಗೆ ಸೇರಿದವರಲ್ಲಿ ಮರುಮದುವೆಗೆ ಒಂದು ವಿಶೇಷ ಕಾರಣ ಇತ್ತು. ಗಂಡ ಕ್ರೈಸ್ತನಾದ, ಹೆಂಡತಿ ಬರಲು ಒಪ್ಪಲಿಲ್ಲ ಎಂದಾಗ ಏನು ಮಾಡುವುದು? ಇದಕ್ಕೆಂದೇ 1866ರಲ್ಲಿ ಒಂದು ಕಾಯ್ದೆ ಬಂತು. ಮತಾಂತರದ ಕಾರಣಕ್ಕೆ ಗಂಡ ಅಥವಾ ಹೆಂಡತಿ ಜೊತೆಯಲ್ಲಿ ಬಾಳಲು ಒಪ್ಪದಿದ್ದರೆ ಕೋರ್ಟು ಆ ಮದುವೆಯನ್ನು ರದ್ದು ಮಾಡಬಹುದಿತ್ತು. ಆಮೇಲೆ ಇಬ್ಬರೂ ಬೇರೆ ಮದುವೆ ಆಗಬಹುದಿತ್ತು. ಹಾಗಾಗಿ ಈ ಮನೆತನದವರು ಕೋರ್ಟಿನ ಕಾಗದವನ್ನೂ ಮರೆಯಬಾರದು. ಸಭೆಯ ಪುಸ್ತಕಗಳ ಜೊತೆಗೆ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ ಮತ್ತು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿರುವ ಮಿಶನ್ನಿನ ಸಂಗ್ರಹವನ್ನು ನೋಡಬಹುದು. ಅಲ್ಲಿನ ಹಳೇ ಪತ್ರಗಳು ಜರ್ಮನ್ ಕೈಬರಹದಲ್ಲಿವೆ, ಓದಲು ತಿಳಿದವರ ಸಹಾಯ ಬೇಕು.

ಬ್ಯಾರಿ ಮನೆತನಗಳಲ್ಲಿ ಜಮಾಅತಿನ ನಿಕಾಹ್ ಪುಸ್ತಕ ಕೇಳಿ. ಹೆಣ್ಣಿನ ಪರವಾಗಿ ನಿಂತ ವಲಿ ಯಾರು, ಸಾಕ್ಷಿ ಯಾರು ಅನ್ನುವುದರಿಂದ ಸಂಬಂಧ ಗೊತ್ತಾಗುತ್ತದೆ.

ಕೊನೆಯ ವರ್ಷಗಳು

ಸಾವಿನ ದಾಖಲೆ ಹುಡುಕುವಾಗ ನೆನಪಿಡಬೇಕಾದ ಮುಖ್ಯ ವಿಷಯ ಇದು. ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ ಆಗುತ್ತದೆ, ಮನೆ ಎಲ್ಲಿದೆಯೋ ಅಲ್ಲಿ ಅಲ್ಲ. ಕಾರ್ಕಳದ ಒಂದು ಹಳ್ಳಿಯವರು ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ಹೆಸರು ಮಂಗಳೂರು ಪೇಟೆಯ ಪುಸ್ತಕದಲ್ಲಿ ಇರುತ್ತದೆ. ಮರುಮದುವೆ ಆದ ಹೆಂಗಸಿಗೆ ಕನಿಷ್ಠ ಮೂರು ಜಾಗ ನೋಡಬೇಕು: ಎರಡನೇ ಗಂಡನ ಊರು, ತವರು, ಕೊನೆಗೆ ನೋಡಿಕೊಂಡ ಮಗನ ಅಥವಾ ಮಗಳ ಊರು. ಅಳಿಯಸಂತಾನದವರಲ್ಲಿ ವಯಸ್ಸಾದ ಮೇಲೆ ತವರಿಗೆ ಮರಳುವುದು ಸಾಮಾನ್ಯವಾಗಿತ್ತು. ಹಳ್ಳಿಗಳಲ್ಲಿ ಹಿಂದೆ ಜನನ ಮರಣ ಬರೆಯುತ್ತಿದ್ದದ್ದು ಊರಿನ ಪಟೇಲರು. ಆ ಪುಸ್ತಕಗಳು ಉಳಿದಿದ್ದರೆ ತಾಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಇರುತ್ತವೆ. 1969ರ ಕಾಯ್ದೆಯ ಪ್ರಕಾರ ಯಾರು ಬೇಕಾದರೂ ಹುಡುಕಿಸಿ ನಕಲು ಪಡೆಯಬಹುದು. ಸಾವಿನ ಕಾರಣವನ್ನು ಮಾತ್ರ ಆ ನಕಲಿನಲ್ಲಿ ಕೊಡುವುದಿಲ್ಲ.

ಗಡಿಗಳು ಬದಲಾದದ್ದೂ ಲೆಕ್ಕಕ್ಕೆ ಬರಬೇಕು. ಈ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಹಾಗಾಗಿ ಸರಕಾರಿ ಕಡತಗಳ ಒಂದು ಭಾಗ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ದಾಖಲೆ ಭಂಡಾರದಲ್ಲಿದೆ. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಪಿಜ್ಜಿಯ ಎರಡನೇ ಗಂಡನ ಮನೆ ಮಂಜೇಶ್ವರದ ಕಡೆ ಇದ್ದರೆ ಕೇರಳದ ಕಚೇರಿಗೇ ಹೋಗಬೇಕು. ಉಡುಪಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ.

ಮುಂಬಯಿಗೆ ಹೋದವರಿಗೆ ಸಮುದಾಯದ ಸಂಘಗಳ ನೆನಪಿರಲಿ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಿಂದ ಇದೆ. ಬಂಟರಿಗೆ, ಬಿಲ್ಲವರಿಗೆ ಕೂಡ ಅಲ್ಲಿ ಹಳೇ ಸಂಘಗಳಿವೆ. ಸಂಘದ ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ಶ್ರದ್ಧಾಂಜಲಿಯ ಪುಟಗಳಲ್ಲಿ "ಮೂಲತಃ ಇಂಥ ಊರು, ಇಂಥ ಮನೆ" ಎಂದು ಬರೆಯುವ ಒಳ್ಳೇ ಪದ್ಧತಿ ಇದೆ. ಕೊಂಕಣಿ ಕ್ಯಾಥೊಲಿಕರಿಗೆ 1938ರಲ್ಲಿ ಶುರುವಾದ ರಾಕ್ಣೊ ವಾರಪತ್ರಿಕೆಯ ಹಳೇ ಸಂಚಿಕೆಗಳನ್ನೂ ತಿರುವಿ ನೋಡಬಹುದು.

ಇಷ್ಟೆಲ್ಲ ಹೇಳಿದರೂ, ಕಾಗದಕ್ಕಿಂತ ಮೊದಲು ಹೋಗಬೇಕಾದದ್ದು ಎಂಬತ್ತು ದಾಟಿದ ಹಿರಿಯರ ಹತ್ತಿರ. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ, ಅವರು ಕಾಯಲಾರರು. "ದೊಡ್ಡಮ್ಮ, ಪಿಜ್ಜಿಗೆ ಎರಡನೇ ಮದುವೆ ಆಗಿತ್ತಾ?" ಎಂದು ನೇರ ಕೇಳಿದರೆ ಕೆಲವರು ಇಲ್ಲ ಎಂದುಬಿಡುತ್ತಾರೆ. ಅದು ಸುಳ್ಳು ಅಂತಲ್ಲ, ಮನೆಯ ಮರ್ಯಾದೆ ಕಾಯುವ ಅಭ್ಯಾಸ. ಬೇರೆ ಪ್ರಶ್ನೆ ಕೇಳಿ. ಚಿಕ್ಕವರಿದ್ದಾಗ ರಜೆಗೆ ಯಾರ ಮನೆಗೆಲ್ಲ ಹೋಗುತ್ತಿದ್ದಿರಿ? ಯಾರ ಬೊಜ್ಜಕ್ಕೆ ಮನೆಯವರೆಲ್ಲ ಹೋಗಿದ್ದರು? ಯಾರು ತೀರಿಕೊಂಡಾಗ ನಮಗೆ ಸೂತಕ ಬಂತು? ಅಳಿಯಸಂತಾನದಲ್ಲಿ ಸೂತಕ ತಾಯಿಯ ಕಡೆಯದು. "ಆ ಮನೆಯವರು ಏನಾಗಬೇಕೋ ಗೊತ್ತಿಲ್ಲ, ಆದರೆ ಸೂತಕ ಇತ್ತು" ಎಂದು ಯಾರಾದರೂ ಹೇಳಿದರೆ ಅದನ್ನು ಬಿಡಬೇಡಿ. ಅಲ್ಲಿ ಒಬ್ಬ ಮಗಳ ಕವಲು ಇದೆ ಎಂದರ್ಥ. ಆಟಿ ತಿಂಗಳಲ್ಲಿ, ದೀಪಾವಳಿಯಲ್ಲಿ ಕುಲೆಗಳಿಗೆ (ತೀರಿಕೊಂಡವರಿಗೆ) ಬಡಿಸುವಾಗ ಯಾರ‍್ಯಾರ ಹೆಸರು ಹೇಳುತ್ತಿದ್ದರು ಎಂದೂ ಕೇಳಿ. ವರ್ಷ ನೆನಪಿಲ್ಲದಿದ್ದರೆ ನೇತ್ರಾವತಿಯ ದೊಡ್ಡ ಬೊಳ್ಳದ (ನೆರೆಯ) ಮೊದಲೋ ಆಮೇಲೋ ಎಂದು ಕೇಳಬಹುದು. ಹಿರಿಯರಿಂದ ಕೇಳಿ ಬಂದ ಬೊಳ್ಳ ಅಂದರೆ 1923, ಅವರೇ ಕಂಡದ್ದು ಅಂದರೆ 1974.

ಗಂಡಸಿನ ಎರಡನೇ ಹೆಂಡತಿಯ ವಿಷಯ ಬಂದರೆ, ಮೊದಲನೆಯವರು ಸತ್ತ ಮೇಲೆಯೇ ಎರಡನೆಯವರು ಬಂದರೆಂದು ಎಣಿಸಬೇಡಿ. ಇಲ್ಲಿ ಹಿಂದೂಗಳಲ್ಲಿ ಇಬ್ಬರು ಹೆಂಡತಿಯರಿಗೆ ಕಾನೂನಿನ ತಡೆ ಬಂದದ್ದು 1949ರಲ್ಲಿ, ಮದ್ರಾಸ್ ಸರಕಾರದ ಕಾಲದಲ್ಲಿ. ಅದಕ್ಕೂ ಹಿಂದೆ ಇಬ್ಬರೂ ಒಟ್ಟಿಗೆ ಇದ್ದಿರಬಹುದು. ಮೊದಲನೆಯವರು ತವರಿಗೆ ಹೋಗಿ ಬಹಳ ವರ್ಷ ಬದುಕಿರಬಹುದು. ಅವರನ್ನು ಕೂಡ ಹುಡುಕಬೇಕು.

ಎರಡನೇ ಸಂಸಾರದ ಮೊಮ್ಮಕ್ಕಳು ಸಿಕ್ಕರೆ ಏನು ಮಾಡುವುದು? ಕಾಗದ ಹಿಡಿದುಕೊಂಡು ನೇರ ಮನೆಗೆ ನುಗ್ಗಬೇಡಿ. ಹಳೇ ವಂಶವೃಕ್ಷ ಹಿಡಿದು ಬಂದವರನ್ನು ಕಂಡರೆ ಆಸ್ತಿ ಕೇಳಲು ಬಂದರು ಎಂಬ ಅನುಮಾನ ಸಹಜ. ಎರಡೂ ಕಡೆಗೆ ಬೇಕಾದ ಒಬ್ಬರ ಮೂಲಕ ಹೇಳಿಕಳಿಸಿ. ಪಾಲಿನ ಮಾತು ಇಲ್ಲ, ಪಿಜ್ಜಿಯ ಕಥೆ ಮಾತ್ರ ಬೇಕು ಎಂದು ಮೊದಲೇ ತಿಳಿಸಿ. ಅವರಿಗೆ ಆಕೆ ಬೇರೆ ಹೆಂಗಸು. ನಿಮ್ಮ ಕಡೆ ಹೆಸರು ಮಾತ್ರ ಉಳಿದಿದ್ದರೆ ಅವರ ಕಡೆ ಮುಖ ನೆನಪಿರುವವರು ಇರಬಹುದು, ಒಂದು ಫೋಟೋ ಇರಬಹುದು. ಹೋಗುವಾಗ ನಿಮ್ಮಲ್ಲಿರುವ ವಿಭಾಗಪತ್ರದ ನಕಲನ್ನು ಅವರಿಗೂ ಒಂದು ಪ್ರತಿ ತೆಗೆದುಕೊಂಡು ಹೋಗಿ. ವಂಶವೃಕ್ಷ ಹೊಸದಾಗಿ ಬರೆಯುವಾಗ ಎರಡೂ ಮದುವೆಯನ್ನು ಬರೆಯಿರಿ. ಯಾವ ಸಂಗತಿಗೆ ಕಾಗದ ಇದೆ, ಯಾವುದು ಹಿರಿಯರ ಮಾತು, ಯಾವುದು ನಿಮ್ಮ ಊಹೆ ಎಂದು ಪ್ರತಿ ಹೆಸರಿನ ಪಕ್ಕದಲ್ಲಿ ಗುರುತು ಹಾಕಿ, ಅಚ್ಚಿಗೆ ಕೊಡುವ ಮೊದಲು ಎರಡು ಕವಲಿನವರಿಗೂ ತೋರಿಸಿ.